ಸಿನೆಮಾ ಊರಿಗೆ ಎರಡು ಸಲ ಹೋಗಿ ಬಂದವಳು ಹೇಳುವುದು

ಸೆರಗಿಗೆ ಎರಡು ಪಿನ್ನು ಹಾಕಿಕೊಳ್ಳಿ, ಒಂದು ಸಾಲದು. ಹೈದರಾಬಾದಿನ ಕಡೆಯ ಆ ಸಿನೆಮಾ ಊರಿಗೆ ಹೊರಟ ಗೆಳತಿಯರಿಗೆಲ್ಲ ನಾನು ಮೊದಲು ಹೇಳುವ ಮಾತು ಇದು. ಅಲ್ಲಿ ಚಹಾದ ಕಪ್ಪಿನ ಆಕಾರದ ದೊಡ್ಡ ದೊಡ್ಡ ತೊಟ್ಟಿಗಳಿವೆ. ಅದರೊಳಗೆ ಕೂಡಿಸಿ ಗರಗರ ತಿರುಗಿಸುತ್ತಾರೆ. ಮಕ್ಕಳಾದರೆ ಕೂತು ನಗುತ್ತವೆ. ನಲವತ್ತು ದಾಟಿದ ಹೆಂಗಸರು ಸೀರೆ ಉಟ್ಟು ಕೂತರೆ ನಗುವ ಕೆಲಸ ಸುತ್ತ ನಿಂತವರದು. ಆಮೇಲೆ, ಅಲ್ಲಿನ ಯಾವ ಗಡಿಯಾರವನ್ನೂ ನಂಬಬೇಡಿ. ಕಟ್ಟಡಕ್ಕೊಂದು ಗಡಿಯಾರವಿದೆ, ಒಂದೊಂದರಲ್ಲಿ ಒಂದೊಂದು ಹೊತ್ತು. ಕಲ್ಲಿನ ಕಟ್ಟೆ ಕಂಡಿತೆಂದು ದೊಪ್ಪನೆ ಕೂಡಬೇಡಿ, ಮೊದಲು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಇನ್ನೊಂದು ಮಾತಿದೆ. ಯಾವುದಕ್ಕೂ ಕೈ ಮುಗಿಯುವ ಮೊದಲು ಅದರ ಹಿಂದೆ ಹೋಗಿ ನೋಡಿ ಬನ್ನಿ. ಇದೊಂದು ಮಾತಿಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನನ್ನ ವಯಸ್ಸಿನವರು ಅಲ್ಲಿಗೆ ಒಂದು ಸಲ ಹೋಗಿ ಬಂದರೆ ಮನೆಯವರು ನಗುತ್ತಾರೆ. ಒಂಬತ್ತೇ ತಿಂಗಳಲ್ಲಿ ಎರಡನೆಯ ಸಲ ಹೊರಟರೆ ಸಂಶಯಪಡುತ್ತಾರೆ. "ಅಲ್ಲೇನ್ ಇಟ್ಟ್ ಬಂದೀರಿ?" ಎಂದು ನಮ್ಮ ಮನೆಯವರು ಕೇಳಿದ್ದರು. ನಾನು ರೊಟ್ಟಿ ಕಟ್ಟಿಕೊಳ್ಳುತ್ತಿದ್ದೆ.

ಸಂಶಯಪಡುವ ಸರದಿ ನಮ್ಮ ಮನೆಯಲ್ಲಿ ಯಾವಾಗಲೂ ನನ್ನದು. ಹಾಲಿನವನು ತಂಬಿಗೆಗೆ ಸುರುವುವಾಗ ನಾನು ಹಾಲನ್ನು ನೋಡುವುದಿಲ್ಲ, ನೀರು ಬೆರೆಸಿದ ಗುರುತಿಗೆ ಅವನ ತೋಳು ಒದ್ದೆಯೇ ಎಂದು ನೋಡುತ್ತೇನೆ. ಇದು ಎಳೆತನದಿಂದ ಬಂದದ್ದು. ಎಪ್ಪತ್ತರ ದಶಕದ ಆರಂಭದಲ್ಲಿ ಗುಲ್ಬರ್ಗಾದ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ ವರ್ಷಕ್ಕೊಮ್ಮೆ ಪರದೆ ಕಟ್ಟಿ ಸಿನೆಮಾ ತೋರಿಸುತ್ತಿದ್ದರು. ನಾಯಕ ನಾಯಕಿ ಹತ್ತಿರ ಬಂದರೆ ಸಾಕು, ಒಬ್ಬ ಸಿಸ್ಟರ್ ಎದ್ದು ಯಂತ್ರದ ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಒಂದು ಸಲ ಅವರು ಕೈ ತೆಗೆದಾಗ ನಾಯಕಿ ಮಳೆಯಲ್ಲಿ ನೆನೆಯುತ್ತಿದ್ದಳು. ನಾನು ಕೈ ಎತ್ತಿ, "ಸಿಸ್ಟರ್, ಹಿಂದಿನ ಗಿಡ ನೆಂದೇ ಇಲ್ಲ" ಎಂದೆ. ಕೂತವರೆಲ್ಲ ಗೊಳ್ಳೆಂದು ನಕ್ಕರು. "ನೀನು ಕತೆ ನೋಡು, ಗಿಡ ನೋಡಬೇಡ" ಎಂದರು ಸಿಸ್ಟರ್. ನಾನು ಅವತ್ತಿನಿಂದ ಗಿಡ ನೋಡುವುದನ್ನು ಬಿಡಲಿಲ್ಲ. ಕೈ ಎತ್ತಿ ಹೇಳುವುದನ್ನು ಬಿಟ್ಟೆ.

ಆ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಮೂವರು ನಾವು. ಮದುವೆಯಾಗಿ ನಾನು ಆಳಂದಕ್ಕೆ ಬಂದೆ, ಒಬ್ಬಳು ಅಫಜಲಪುರಕ್ಕೆ, ಇನ್ನೊಬ್ಬಳು ಜೇವರ್ಗಿಗೆ. ಇಪ್ಪತ್ತೈದು ವರ್ಷ ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಮಾತಾಡಿದ್ದೇ ನಮ್ಮ ಗೆಳೆತನ. ತೊಂಬತ್ತರ ದಶಕದ ಕೊನೆಗೆ ಜೇವರ್ಗಿಯವಳ ಮಗ ಕಾಲೇಜಿನ ಪ್ರವಾಸದಲ್ಲಿ ಆ ಸಿನೆಮಾ ಊರು ನೋಡಿ ಬಂದ. ಇವಳು ಎಸ್‌ಟಿಡಿ ಬೂತಿನಿಂದ ನನಗೆ ಫೋನು ಮಾಡಿದಳು.

"ನಾವೂ ಹೋಗಾಮ್ ಬೇ. ಮೂವರೇ. ಹುಡುಗ್ರು ಬ್ಯಾಡ, ಗಂಡಂದ್ರು ಮೊದಲೇ ಬ್ಯಾಡ."

"ಅಲ್ಲಿ ಎಲ್ಲಾ ಸುಳ್ಳು ಇರ್ತದ" ಎಂದೆ ನಾನು.

"ಸುಳ್ಳು ನೋಡ್ಲಾಕೇ ಹೋಗೋದು. ಖರೇ ನೋಡಿ ನೋಡಿ ಸಾಕಾಗ್ಯಾದ."

ಅಫಜಲಪುರದವಳು ಬರುತ್ತಾಳೆಂದು ನಾವಿಬ್ಬರೂ ನಂಬಿರಲಿಲ್ಲ. ಅವಳಿಗೆ ಆಗ ಒಂದೇ ಚಿಂತೆ, ಮಗಳ ಮದುವೆ. ಹುಡುಗಿ ಓದಿದವಳು, ಲಕ್ಷಣವಂತೆ, ಆದರೆ ಎತ್ತರ. ನಮ್ಮ ಕಡೆಯ ಬಾಗಿಲುಗಳಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ನಾಲ್ಕು ವರ್ಷ ಗಂಡಿನ ಕಡೆಯವರು ಬಂದು ಹೋದರು. ನಾನೂ ಒಂದೆರಡು ಸಲ ಆ ಪಡಸಾಲೆಯಲ್ಲಿ ಕೂತಿದ್ದೆ. ಹುಡುಗಿ ಅವಲಕ್ಕಿ ತಟ್ಟೆ ಹಿಡಿದು ನಿಲ್ಲುತ್ತಿದ್ದಂತೆ ಬಂದವರ ಕಣ್ಣು ಅವಳ ತಲೆಯ ಮೇಲಿನ ಗೋಡೆಯ ಕ್ಯಾಲೆಂಡರಿಗೆ ಹೋಗುತ್ತಿತ್ತು, ಅಲ್ಲಿಂದ ಇಳಿದು ತಮ್ಮ ಹುಡುಗನ ನೆತ್ತಿಗೆ ಬರುತ್ತಿತ್ತು. ಎಲ್ಲರೂ "ತಿಳಿಸ್ತೇವ್ರಿ" ಎನ್ನುತ್ತಿದ್ದರು. ಕೊನೆಕೊನೆಗೆ ನನ್ನ ಗೆಳತಿ ಮಗಳಿಗೆ ಮಂಡಿ ಮಡಚಿ ನಡೆಯುವುದನ್ನು ಕಲಿಸಿದ್ದಳು. ನಿರಿಗೆಯೊಳಗೆ ಮಡಚಿದ ಮಂಡಿ ನನ್ನೊಬ್ಬಳಿಗೇ ಕಂಡಿರಬೇಕು.

ಅಂಥವಳು ಪ್ರವಾಸಕ್ಕೆ ಬರುತ್ತೇನೆಂದಾಗ ನನಗೆ ಮೊದಲ ಸಂಶಯ ಬಂತು. ಇವಳಿಗೆ ಅಲ್ಲೇನು ಕೆಲಸ?

ಬಾಗಿಲಲ್ಲಿ ನಮ್ಮನ್ನು ತಡೆದರು. ಹೊರಗಿನ ಊಟ ಒಳಗೆ ಒಯ್ಯುವಂತಿಲ್ಲವಂತೆ. ನಮ್ಮ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಕಾವಲುಗಾರ ಚೀಲದ ಮೇಲಿನಿಂದಲೇ ಒಮ್ಮೆ ಒತ್ತಿದ. ರೊಟ್ಟಿ ಕಟಕ್ಕೆಂದಿತು. ಅವನು ಹೆಜ್ಜೆ ಹಿಂದೆ ಸರಿದು, "ಇದರಾಗೇನೈತಮ್ಮಾ?" ಎಂಬ ಅರ್ಥದಲ್ಲಿ ಉರ್ದುವಿನಲ್ಲಿ ಕೇಳಿದ. ಜೇವರ್ಗಿಯವಳು ಕಣ್ಣು ಮಿಟುಕಿಸದೆ, "ಶಕರ್ ಕೀ ದವಾ ಹೈ ಭಾಯ್" ಎಂದಳು. ಸಕ್ಕರೆ ಕಾಯಿಲೆಯ ಔಷಧವಂತೆ. ಅವನು ನಮ್ಮ ಮೂವರನ್ನೂ ಕರುಣೆಯಿಂದ ನೋಡಿ ಬಿಟ್ಟ. ಈ ಉಪಾಯವನ್ನು ನೀವೂ ಮಾಡಿ ಎಂದು ಹೇಳಲಾರೆ. ಆದರೆ ರೊಟ್ಟಿಯನ್ನು ಟವೆಲಿನಲ್ಲಿ ಸುತ್ತಿ ಒಯ್ದರೆ ಸಪ್ಪಳ ಬರುವುದಿಲ್ಲ.

ಒಳಗೆ ಒಂದು ಬೀದಿ. ಅದರಲ್ಲಿ ಆಸ್ಪತ್ರೆ, ಅದರ ಪಕ್ಕ ಬ್ಯಾಂಕು, ಅದರ ಪಕ್ಕ ಸಾಹುಕಾರನ ಬಂಗಲೆ. ನಾನು ರೂಢಿಯಂತೆ ಪ್ರತಿಯೊಂದರ ಹಿಂದೆ ಹೋಗಿ ನೋಡಿದೆ. ಬಂಗಲೆಯ ಬೆನ್ನಿಗೆ ಬಿದಿರು, ಹರಕು ತಟ್ಟು, ತುಕ್ಕು ಹಿಡಿದ ಮೊಳೆ. ಒಂದು ಹೆಣ್ಣುನಾಯಿ ಅದರ ನೆರಳಿನಲ್ಲಿ ಮರಿ ಹಾಕಿತ್ತು. ನನಗೆ ಅದೊಂದೇ ಅಲ್ಲಿ ಖರೇ ಅನ್ನಿಸಿತು. ಬೀದಿಯ ತುದಿಗೆ ಒಂದು ಗುಡಿ. ಒಳಗೆ ಆಳೆತ್ತರದ ದೇವಿ, ದೊಡ್ಡ ಕಣ್ಣು, ಎರಡು ಕೈ. ಕಣ್ಣು ಯಾರನ್ನೂ ನೋಡದೆ ಸ್ವಲ್ಪ ಮೇಲಕ್ಕೆ ನೋಡುತ್ತಿದ್ದವು, ಕ್ಯಾಮರಾ ಅಲ್ಲೆಲ್ಲೋ ಇರುತ್ತದೆನ್ನಿಸುತ್ತದೆ. ಬಲಗೈಯ ಕಿರುಬೆರಳು ಮುರಿದು ಒಳಗಿನ ಬಿಳಿ ಸುಣ್ಣ ಕಾಣುತ್ತಿತ್ತು. ಪಕ್ಕಕ್ಕೆ ಬಾಗಿ ನೋಡಿದೆ. ದೇವಿಗೆ ಬೆನ್ನಿರಲಿಲ್ಲ. ಗೋಣಿತಟ್ಟು, ಮರದ ಚೌಕಟ್ಟು, ನಡುವೆ ಒಂದು ಕಬ್ಬಿಣದ ಸಲಾಕೆ.

ಹೇಳಬೇಕೆಂದು ತಿರುಗಿದೆ. ಅಷ್ಟರಲ್ಲಿ ಅಫಜಲಪುರದವಳು ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಪಿಸುಮಾತಾದರೂ ನನಗೆ ಕೇಳಿಸಿತು.

"ತಾಯೀ, ನನ್ನ ಮಗಳ ಮಾತು ಕೂಡಿಸು. ಹಸಿರು ಇಳಕಲ್ ಸೀರಿ ತಂದು ನನ್ನ ಕೈಲೇ ಉಡಸ್ತೇನಿ. ನಿನಗ ಉಡಸೋತನಕ ಸಕ್ಕರಿ ಬೆಲ್ಲ ಬಾಯಾಗ ಹಾಕೋದಿಲ್ಲ."

ಹರಕೆ ಹೊತ್ತವರ ಬಾಯಿಂದ ಮಾತು ಹೊರಬಿದ್ದ ಮೇಲೆ ಯಾರೇನು ಮಾಡುವುದು? ಒಂದು ಗಳಿಗೆ ಮೊದಲು ನಾನು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಅವಳು ಕಣ್ಣು ತೆರೆದಾಗ ಮುಖ ಹಗುರಾಗಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ. ಆ ಮುಖಕ್ಕೆ ಗೋಣಿತಟ್ಟಿನ ಸುದ್ದಿ ಹೇಳಲು ನನ್ನಿಂದಾಗಲಿಲ್ಲ. ಅವತ್ತು ಅಲ್ಲಿನ ಚಹಾ ತರಿಸಿದಾಗ ಅವಳು ಮುಟ್ಟಲಿಲ್ಲ. ಅದು ಹೇಗೂ ಕುಡಿಯುವಂಥದ್ದಲ್ಲ, ಬರೀ ಪಾಕ. ಜೇವರ್ಗಿಯವಳು, "ಯಾಕ ಬೇ, ಬಾಗಲದಾಗಿನ ಸುಳ್ಳು ಖರೇ ಮಾಡಾಕತ್ತಿಯೇನ್?" ಎಂದು ಛೇಡಿಸಿದಳು. ರೈಲಿನಲ್ಲಿ ಹರಕೆಯ ವಿಷಯ ಅವಳಿಗೂ ತಿಳಿಯಿತು. ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ಎಂಟು ತಿಂಗಳ ಮೇಲೆ ನೆಲೋಗಿಯಿಂದ ಒಂದು ಮಾತು ಬಂತು. ಹುಡುಗ ಮಾಸ್ತರ, ಮನೆಯಲ್ಲಿ ಹೊಲವಿದೆ, ತಾಯಿ ಮಗ ಇಬ್ಬರೇ. ನನಗೆ ಕರೆ ಬಂತು, ಹೋದೆ. ಹುಡುಗ ಅಂಗಳದಲ್ಲಿ ಬರುವಾಗ ಎತ್ತರವಾಗೇ ಕಂಡ. ನನಗೆ ಅನುಮಾನ. ನೀರು ತರುವ ನೆಪದಲ್ಲಿ ಹೊರಗೆ ಹೋಗಿ ಕಟ್ಟೆಯ ಕೆಳಗೆ ಬಿಟ್ಟಿದ್ದ ಅವನ ಚಪ್ಪಲಿ ನೋಡಿದೆ. ಹಿಮ್ಮಡಿ ಸಪಾಟು. ಸಮಾಧಾನವಾಗಿ ಒಳಗೆ ಬಂದರೆ, ಹುಡುಗನ ತಾಯಿ ನನ್ನ ಗೆಳತಿಯ ಕೈಯಲ್ಲಿದ್ದ ಚಹಾದ ಬಟ್ಟಲನ್ನು ನೋಡುತ್ತ ಕೂತಿದ್ದರು. ಎಲ್ಲರ ಚಹಾ ಒಂದೇ ಪಾತ್ರೆಯದು. ಇವಳದು ಬೇರೆ ಪಾತ್ರೆಯಿಂದ ಬಂದದ್ದು, ಸಕ್ಕರೆ ಇಲ್ಲದ್ದು. ನಾನು ಚಪ್ಪಲಿಯಲ್ಲಿ ಹುಡುಕುತ್ತಿದ್ದುದನ್ನು ಅವರು ಬಟ್ಟಲಿನಲ್ಲಿ ಹುಡುಕುತ್ತಿದ್ದರು.

ಹುಡುಗಿ ತಟ್ಟೆ ಹಿಡಿದು ಬಂದಳು. ಯಾಕೋ ಏನೋ, ಅವತ್ತು ಮಂಡಿ ಮಡಚಲಿಲ್ಲ. ನೆಟ್ಟಗೆ ನಿಂತಳು. ಹುಡುಗನಿಗಿಂತ ಎರಡು ಬೆರಳು ಹೆಚ್ಚು. ತಾಯಿ ಕ್ಯಾಲೆಂಡರ್ ನೋಡಿದರು, ಮಗನ ನೆತ್ತಿ ನೋಡಿದರು. ಹುಡುಗನೇ ಬಾಯಿ ಬಿಟ್ಟ.

"ಛಲೋ ಆತು ಬಿಡವ್ವ. ಅಟ್ಟದ ಮ್ಯಾಲಿನ ಡಬ್ಬಿ ತೆಗ್ಯಾಕ ನನ್ನ ಕರೀತಿದ್ದಿ, ಇನ್ಮ್ಯಾಲ ನಾ ಉಳದೆ."

ಎಲ್ಲರೂ ನಕ್ಕರು. ತಾಯಿಯೂ ನಕ್ಕರು, ಆದರೆ ಕಣ್ಣು ಬಟ್ಟಲಿಗೇ ಹಿಂತಿರುಗಿತು.

"ನಿಮಗ ಸಕ್ಕರಿ ಬ್ಯಾನಿ ಅದ ಏನ್ರಿ?"

"ಇಲ್ರಿ, ಇಲ್ರಿ" ಎಂದಳು ನನ್ನ ಗೆಳತಿ.

"ನಿಮ್ಮ ತಾಯಿಗೆ ಇತ್ತೇನ್ರಿ? ತಾಯಿಂದ ಮಗಳಿಗೆ ಬರ್ತದಂತ."

"ಹರಕಿ ಅದ್ರಿ. ಅದಕ್ಕ ಬಿಟ್ಟೇನಿ."

"ಹೌದ್ರಿ? ಯಾವ ದೇವ್ರಿಗಿ? ನಾವೂ ಬರ್ತೇವಿ, ಕೂಡೇ ಮುಟ್ಟಸಾಮ್."

"ದೂರ ಅದ್ರಿ."

"ಎಷ್ಟ ದೂರ?"

"ರೈಲಿನ್ಯಾಗ ಹೋಗ್ಬೇಕ್ರಿ."

"ಹೆಸರೇನ್ರಿ ತಾಯೀದು?"

ಆ ದೇವಿಗೆ ಹೆಸರಿರಲಿಲ್ಲ. ಸುಳ್ಳು ಹೆಸರು ಹೇಳಲು ನನ್ನ ಗೆಳತಿ ದೇವರಿಗೆ ಹೆದರುತ್ತಿದ್ದಳು. ನಾನು ಅವಲಕ್ಕಿಗೆ ಉಪ್ಪು ಕಡಿಮೆಯಾಗಿದೆಯೇ ಎಂದು ಕೇಳಿ ಮಾತು ಮುರಿದೆ. ಹುಡುಗನ ತಾಯಿ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಸಕ್ಕರಿ ಶಾಸ್ತ್ರ ಮಾಡಾಮ್ರಿ. ಅವತ್ತ ಗೊತ್ತಾಗ್ತದ."

ಸಕ್ಕರೆಯ ಶಾಸ್ತ್ರವೆಂದರೆ ನಮ್ಮ ಕಡೆ ಮಾತು ಗಟ್ಟಿ ಮಾಡುವುದು. ಬೀಗತಿಯರಿಬ್ಬರು ಎಲ್ಲರೆದುರಿಗೆ ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಬೇಕು. ಗಂಡಿನ ತಾಯಿ ಹಾಕಿದ್ದು ಹೆಣ್ಣಿನ ತಾಯಿಯ ಗಂಟಲು ಇಳಿಯುವತನಕ ಆ ಸಂಬಂಧ ಸಂಬಂಧವಲ್ಲ. ನನ್ನ ಗೆಳತಿ ಹರಕೆ ಹೊರುವಾಗ "ಮಾತು ಕೂಡುವತನಕ" ಎಂದಿದ್ದರೆ ತಾಪತ್ರಯವಿರಲಿಲ್ಲ. "ಸೀರೆ ಉಡಿಸುವತನಕ" ಎಂದುಬಿಟ್ಟಿದ್ದಳು. ಸಕ್ಕರೆ ತಿಂದರೆ ಹರಕೆ ಮುರಿಯುತ್ತದೆ, ತಿನ್ನದಿದ್ದರೆ ಮದುವೆ ಮುರಿಯುತ್ತದೆ. ನಡುವೆ ಹತ್ತು ದಿನ.

ಹೀಗೆ ನಾವು ಎರಡನೆಯ ಸಲ ಹೊರಟಿದ್ದು. ಮೂರೂ ಮನೆಗಳಲ್ಲಿ ಒಂದೇ ಪ್ರಶ್ನೆ. ರೈಲಿನಲ್ಲಿ ಅವಳು ಸೀರೆಯ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಜೇವರ್ಗಿಯವಳು ನನ್ನ ಕಿವಿಯಲ್ಲಿ, "ಹೇಳಿಬಿಡು ಬೇ ಆಕಿಗೆ, ಅದು ಮಣ್ಣಿನ ಗೊಂಬಿ ಅಂತ" ಎಂದಳು. "ನೀ ಹೇಳು" ಎಂದೆ. ವಾಡಿ ಸ್ಟೇಷನ್ ದಾಟಿತು, ಇಬ್ಬರೂ ಹೇಳಲಿಲ್ಲ.

ಆ ಬೀದಿಯ ತುದಿಗೆ ಹೋದೆವು. ಗುಡಿ ಇರಲಿಲ್ಲ. ಅದೇ ಮೆಟ್ಟಿಲು, ಅದೇ ಕಂಬ, ಆದರೆ ಮೇಲೆ ಪೊಲೀಸ್ ಠಾಣೆಯ ಬೋರ್ಡು. ದೇವಿ ನಿಂತಿದ್ದ ಜಾಗದಲ್ಲಿ ಸರಳುಗಳ ಕೋಣೆ.

"ಅಯ್ಯ, ದೇವೀನ್ನ ಒಳಗ ಹಾಕ್ಯಾರಲ್ಲ ಬೇ!" ಎಂದು ಜೇವರ್ಗಿಯವಳು ನಕ್ಕುಬಿಟ್ಟಳು. ಯಾರೂ ಜೊತೆಗೂಡಲಿಲ್ಲ. ಅಫಜಲಪುರದವಳು ಮೆಟ್ಟಿಲ ಮೇಲೆ ಕೂತಳು. ಅದನ್ನು ಬಡಿದು ನೋಡದೆಯೇ ಕೂತಳು.

ಏಣಿಯ ಮೇಲೆ ಒಬ್ಬ ಮುದುಕ ಠಾಣೆಯ ಗೋಡೆಗೆ ಇಟ್ಟಿಗೆಯ ಗೆರೆ ಬರೆಯುತ್ತಿದ್ದ. ಕೇಳಿದೆ. ಅವನು ಕುಂಚದಿಂದಲೇ ದಾರಿ ತೋರಿಸಿದ. ದೇವಿ ಗೋಡೌನಿನಲ್ಲಿದ್ದಾಳೆ, ತಗಡಿನ ಛಾವಣಿಯ ಉದ್ದನೆಯ ಕಟ್ಟಡ, ಕ್ಯಾಂಟೀನಿನ ಹಿಂದೆ.

ಗೋಡೌನಿನ ಬಾಗಿಲಲ್ಲಿ ರಿಜಿಸ್ಟರು ಹಿಡಿದು ಕೂತವನು ನಮ್ಮನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ಹಾಲಿನವನ ತೋಳನ್ನು ನಾನು ನೋಡುವುದು ಹಾಗೆಯೇ. ಯಾವ ಕಂಪನಿ, ಚೀಲದಲ್ಲೇನು, ಸೀರೆ ಒಳಗಿನಿಂದ ಕದ್ದದ್ದೋ ಹೊರಗಿನಿಂದ ತಂದದ್ದೋ, ಚೀಟಿ ಎಲ್ಲಿ. ಜೇವರ್ಗಿಯವಳು ಉರ್ದುವಿನಲ್ಲಿ ಏನೋ ಶುರು ಮಾಡಿದಳು. ಅವನು ಕೈ ಅಡ್ಡ ಮಾಡಿದ. ಹರಕೆ ಎಂದರೆ ನಗುತ್ತಾನೆ, ಸುಳ್ಳು ಹೇಳಿದರೆ ಹಿಡಿಯುತ್ತಾನೆ. ನಾನು ಮುಂದೆ ಬಂದೆ. ಇಪ್ಪತ್ತು ವರ್ಷ ಮಕ್ಕಳ ಹೋಂವರ್ಕಿಗೆ ಬಿಟ್ಟರೆ ಯಾತಕ್ಕೂ ಉಪಯೋಗಿಸದಿದ್ದ ಕಾನ್ವೆಂಟಿನ ಇಂಗ್ಲಿಷು ಬಾಯಿಗೆ ಬಂತು.

"ವಿ ಹ್ಯಾವ್ ಕಮ್ ಟು ಡ್ರೆಸ್ ದಿ ಗಾಡೆಸ್."

ದೇವಿಗೆ ಉಡಿಸಲು ಬಂದಿದ್ದೇವೆ ಎಂದೆ. ಒಂದಕ್ಷರ ಸುಳ್ಳಿಲ್ಲ, ಸಿಸ್ಟರ್ ಕೇಳಿದ್ದರೂ ತಪ್ಪು ಹುಡುಕಲಾಗುತ್ತಿರಲಿಲ್ಲ. ಅವನು ಎದ್ದು ನಿಂತ. "ಡ್ರೆಸ್ ಡಿಪಾರ್ಟ್‌ಮೆಂಟಾ ಮೇಡಮ್? ಮೊದಲೇ ಹೇಳಬಾರದಾ?" ಎಂದು ಹಿಂದಿಯಲ್ಲಿ ಗೊಣಗಿ ಬಾಗಿಲು ತೆರೆದ.

ಒಳಗೆ ಧೂಳು, ಇಲಿಯ ವಾಸನೆ. ಕಾಲಿಲ್ಲದ ಕುದುರೆ, ಒಂದರ ಮೇಲೊಂದು ಸಿಂಹಾಸನ, ತೂಗುದೀಪಗಳ ಗುಡ್ಡೆ. ದೇವಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಂದರೆ ನಮಗೆ ಮೊದಲು ಕಂಡದ್ದು ಅವಳಿಗಿಲ್ಲದ ಬೆನ್ನು. ಗೋಣಿತಟ್ಟು, ಚೌಕಟ್ಟು, ಸಲಾಕೆ, ಎಲ್ಲ ಬಯಲು. ಈಗ ಇವಳು ಕುಸಿಯುತ್ತಾಳೆ ಎಂದುಕೊಂಡೆ.

ಅವಳು ನಿಲ್ಲಲೇ ಇಲ್ಲ. ನೆಟ್ಟಗೆ ಹೋದಳು, ಧೂಳು ಒರೆಸಿದಳು, ಚೀಲದಿಂದ ಸೀರೆ ತೆಗೆದು ಕೊಡವಿದಳು. "ಆ ಕಡಿ ಹಿಡೀರಿ. ಸುತ್ತಾಕ ಬರಂಗಿಲ್ಲ, ಸಲಾಕಿಗೆ ಸಿಗಸ್ಬೇಕು" ಎಂದಳು. ಮನೆಯಲ್ಲಿ ಪರದೆ ಕಟ್ಟುವವಳ ಹಾಗೆ.

ನನ್ನ ಕೈ ಅಲ್ಲೇ ನಿಂತಿತು. "ನಿನಗ ಗೊತ್ತಿತ್ತೇನ?"

"ಏನ್?"

"ಇಕಿಗೆ ಬೆನ್ನಿಲ್ಲ ಅಂತ."

"ನೀ ಅವತ್ತ ಬಗ್ಗಿ ನೋಡ್ದೆಲ್ಲ, ನಿನಗಿಂತ ಮೊದಲ ನಾ ನೋಡಿದ್ದೆ." ಅವಳು ನಿರಿಗೆ ಮಾಡುತ್ತಲೇ ಇದ್ದಳು. "ಖರೇ ದೇವ್ರಿಗೆಲ್ಲ ನಾಕು ವರ್ಷ ಕೇಳ್ಕೊಂಡೆ. ಅಲ್ಲಿ ಪಾಳಿ ಭಾಳ ಉದ್ದ ಅದ ಬೇ. ಯಾರ ಮಗಳು, ಯಾರ ಎತ್ತರ, ಎಷ್ಟಂತ ನೆನಪಿಡ್ತಾರ ಅವ್ರು? ಇಕಿ ಮುಂದ ಒಬ್ರೂ ಇರ್ಲಿಲ್ಲ. ಜನ ಬರ್ತಾರ, ಫೋಟೋ ತೆಗೀತಾರ, ಹೋಗ್ತಾರ. ಯಾರೂ ಏನೂ ಕೇಳಂಗಿಲ್ಲ. ಒಬ್ಬಾಕಿ ಕೇಳಿದ್ರ ಮಾಡ್ಯಾಳು ಅಂತ ಕೇಳ್ದೆ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀ ಯಾಕ ಹೇಳ್ಲಿಲ್ಲ?"

ಒಂಬತ್ತು ತಿಂಗಳು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನನ್ನು ಕಾಪಾಡುತ್ತಿದ್ದಳೋ ಏನೋ. ಮೂವರೂ ಸೇರಿ ದೇವಿಯನ್ನು ನಮ್ಮ ಕಡೆಗೆ ತಿರುಗಿಸಿದೆವು. ಹಗುರಾಗಿದ್ದಳು, ಒಂದು ಕಪಾಟಿನ ಬಾಗಿಲಿನಷ್ಟು. ಸೆರಗು ಹೆಗಲಿನಲ್ಲಿ ನಿಲ್ಲಲಿಲ್ಲ, ಜಾರಿ ಜಾರಿ ಬಿತ್ತು. ನನ್ನ ಸೆರಗಿನಿಂದ ಎರಡು ಪಿನ್ನು ಬಿಚ್ಚಿ ಗೋಣಿತಟ್ಟಿಗೆ ಸೇರಿಸಿ ಚುಚ್ಚಿದೆ. ಈಗಲೂ ಟಿವಿಯಲ್ಲಿ ಯಾವುದಾದರೂ ಸಿನೆಮಾದಲ್ಲಿ ದೇವಿ ಬಂದರೆ ನಾನು ಮುಖ ನೋಡುವುದಿಲ್ಲ, ಎಡ ಹೆಗಲು ನೋಡುತ್ತೇನೆ. ಒಮ್ಮೆಯೂ ಪಿನ್ನು ಕಂಡಿಲ್ಲ.

ಹೊರಗೆ ಬಂದಾಗ ರಿಜಿಸ್ಟರಿನವನು ಚೀಲ ತೆರೆಸಿ ನೋಡಿದ. ಖಾಲಿ. ಅವನ ಸಂಶಯ ಇನ್ನೂ ಹೆಚ್ಚಾಯಿತು. ಗೋಡೌನಿಗೆ ಏನನ್ನೋ ತಂದು ಬರಿಗೈಯಲ್ಲಿ ಹೋಗುವವರನ್ನು ಅವನು ಎಂದೂ ಕಂಡಿರಲಿಕ್ಕಿಲ್ಲ. ಜೇವರ್ಗಿಯವಳು ಕ್ಯಾಂಟೀನಿನಲ್ಲಿ ಚಹಾ ಕೊಡಿಸಲು ಹೋದಳು. "ಈಗ ಕುಡೀಬಹುದಲ್ಲ, ಕುಡಿ" ಎಂದಳು. ಅಫಜಲಪುರದವಳು ಬಟ್ಟಲು ಸರಿಸಿದಳು. "ಮೊದಲ್ನೇ ಸಕ್ಕರಿ ಬೀಗತಿ ಕೈಲೇ ತಿಂತೇನಿ."

ಶುಕ್ರವಾರ ಅಫಜಲಪುರದ ಅದೇ ಪಡಸಾಲೆ. ನೆಲೋಗಿಯಿಂದ ಒಂದು ಟೆಂಪೋ ತುಂಬ ಜನ. ಬೀಗತಿ ಬೆಳ್ಳಿ ಬಟ್ಟಲಿನಿಂದ ಮೂರು ಬೆರಳಲ್ಲಿ ಸಕ್ಕರೆ ಎತ್ತಿದರು. ಬೆರಳು ಬಾಯಿಯ ಹತ್ತಿರ ನಿಲ್ಲಿಸಿ ಒಂದು ಕ್ಷಣ ನೋಡಿದರು. ನನ್ನ ಗೆಳತಿಯ ಗಂಟಲನ್ನೇ ನೋಡಿದರು. ಅವಳು ಬಾಯಿ ತೆರೆದಳು, ಸಕ್ಕರೆ ಒಳಗೆ ಹೋಯಿತು. ಒಂಬತ್ತು ತಿಂಗಳು ಸಿಹಿ ಕಾಣದ ನಾಲಿಗೆ. ಕಣ್ಣು ತಾನಾಗಿ ಮುಚ್ಚಿತು, ಗಂಟಲು ಏರಿ ಇಳಿಯಿತು. ಬಾಗಿಲ ಹತ್ತಿರ ಹುಡುಗಿ ನೆಟ್ಟಗೆ ನಿಂತಿದ್ದಳು, ತಲೆ ಚೌಕಟ್ಟಿಗೆ ತಾಗುವ ಹಾಗೆ.

ಬೀಗತಿ ಕೈ ಹಿಂದಕ್ಕೆ ತೆಗೆದುಕೊಳ್ಳುವ ಮೊದಲೇ ನನ್ನ ಗೆಳತಿ ಆ ಕೈ ಹಿಡಿದಳು.

"ಇನ್ನೊಂದ್ ಚೂರು ಹಾಕ್ರಿ, ಬೀಗತೇರ."